ದಿನಾ ಬರುವವರ ಹೋಟೆಲ್

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮ ಹೋಟೆಲ್ ಇದೆ. ಒಳಗೆ ಆರು ಮೇಜು, ಹೊರಗೆ ಜಗಲಿಯಲ್ಲಿ ಎರಡು ಉದ್ದನೆಯ ಬೆಂಚು, ಹಿಂದೆ ಅಡುಗೆಮನೆ, ಅದಕ್ಕೆ ಅಂಟಿಕೊಂಡೇ ನಾವು ವಾಸ ಮಾಡುವ ಮನೆ. ಶುರು ಮಾಡಿದ್ದು ನನ್ನ ಮಾವ. ಕುಂದಾಪುರದ ಕಡೆಯವರು, ಎಂಬತ್ತರ ದಶಕದ ಶುರುವಿನಲ್ಲಿ ಘಟ್ಟ ಹತ್ತಿ ಬಂದವರು. ಮಾವ ಈಗಿಲ್ಲ. ನಾನು, ನನ್ನ ಗಂಡ, ಮಗಳು ಸೇರಿ ನಡೆಸುತ್ತಿದ್ದೇವೆ. ಅತ್ತೆಗೆ ವಯಸ್ಸಾಗಿದೆ. ಆದರೂ ಬೆಳಿಗ್ಗೆ ಒಂದು ಸಲ ಅಡುಗೆಮನೆಗೆ ಬಂದು ಚಟ್ನಿಯ ಉಪ್ಪು ನೋಡಿದರೇ ಅವರಿಗೆ ಸಮಾಧಾನ.

ಬೆಂಗಳೂರಿನ ಕೆಲಸ ಬಿಟ್ಟು ಊರಲ್ಲಿ ಹೋಟೆಲ್ ಇಡಬೇಕು ಅನ್ನುವ ಹುಡುಗರು ಈಗ ಜಾಸ್ತಿ ಆಗಿದ್ದಾರೆ. ಆಗಾಗ ಯಾರಾದರೂ ಬಂದು ಕೂತು ವಿಚಾರಿಸುತ್ತಾರೆ. ಬಂಡವಾಳ ಎಷ್ಟು ಬೇಕು, ಮೆನು ಹೇಗಿರಬೇಕು, ಬೋರ್ಡು ಯಾವ ಥರ ಬರೆಸಬೇಕು. ನಾನು ಅವರನ್ನು ಕೇಳುವುದು ಒಂದೇ: "ಜುಲೈ ತಿಂಗಳಲ್ಲಿ, ಒಂದು ಮಂಗಳವಾರ ಮಧ್ಯಾಹ್ನ, ಮಳೆ ಹೊಯ್ತಾ ಇರುವಾಗ ನಿಮ್ಮ ಹೋಟೆಲಿಗೆ ಯಾರು ಬರ್ತಾರೆ?"

ಈ ಪ್ರಶ್ನೆಗೆ ಕಾರಣ ಇದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಘಾಟಿಯಲ್ಲಿ ಗುಡ್ಡ ಜರಿದರೆ ಭಾರಿ ವಾಹನ ನಿಲ್ಲಿಸುತ್ತಾರೆ, ಕೆಲವು ಸಲ ರಸ್ತೆಯನ್ನೇ ಮುಚ್ಚುತ್ತಾರೆ. ಆಗ ಕೆಳಗಿನಿಂದ ಮೀನಿನ ಲಾರಿ ಇಲ್ಲ, ಉಡುಪಿ ಬಸ್ಸಿಲ್ಲ, ಸೂರ್ಯಾಸ್ತ ನೋಡಲು ಬರುವ ಕಾರುಗಳಂತೂ ಇಲ್ಲವೇ ಇಲ್ಲ. ಆಗ ಒದ್ದೆ ಕೊಡೆ ಮಡಚಿಕೊಂಡು ಒಳಗೆ ಬರುವವರು ಸುತ್ತಲಿನ ಏಳೆಂಟು ಕಿಲೋಮೀಟರಿನವರು. ಅಡಿಕೆಗೆ ಔಷಧಿ ಹೊಡೆಯುವವರು, ಲೈನ್‌ಮನ್, ಶಾಲೆಯ ಮೇಷ್ಟ್ರು, ಆಟೊದವರು, ಅಂಗನವಾಡಿಯ ಟೀಚರ್, ಮನೆಯಲ್ಲಿ ಒಬ್ಬರೇ ಇರುವ ವಯಸ್ಸಾದವರು. ಹೋಟೆಲ್ ನಿಂತಿರುವುದು ಇವರ ಮೇಲೆ. ಬಾಗಿಲು ತೆಗೆಯುವ ಹೊತ್ತಿನಿಂದ ಹಿಡಿದು ಕಾಫಿಯ ದರದವರೆಗೆ ನಾವು ಏನು ತೀರ್ಮಾನ ಮಾಡಿದ್ದರೂ ಇವರನ್ನು ಮುಂದಿಟ್ಟುಕೊಂಡು ಮಾಡಿದ್ದು. ಹೇಗೆ ಮಾಡಿದೆವು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬಾಗಿಲು ತೆಗೆಯುವುದು ಬೆಳಿಗ್ಗೆ ಐದೂವರೆಗೆ. ಅಷ್ಟು ಹೊತ್ತಿಗೆ ವ್ಯಾಪಾರ ಅಂತ ನೋಡಿದರೆ ಏನೂ ಇಲ್ಲ, ನಾಲ್ಕು ಕಾಫಿ ಹೋದರೆ ಹೆಚ್ಚು. ಆದರೆ ನಮ್ಮ ಕಡೆ ದೊಡ್ಡ ಕಾಯಿಲೆ ಅಂದರೆ ಘಟ್ಟ ಇಳಿದು ಮಣಿಪಾಲಕ್ಕೆ ಹೋಗುವುದು ರೂಢಿ. ಚೀಟಿ ಮಾಡಿಸಲು ಬೇಗ ತಲುಪಬೇಕು, ಹಾಗಾಗಿ ಕತ್ತಲಲ್ಲೇ ಹೊರಡುತ್ತಾರೆ. ರಕ್ತ ಪರೀಕ್ಷೆ ಇದ್ದರೆ ರೋಗಿ ಖಾಲಿ ಹೊಟ್ಟೆಯಲ್ಲೇ ಹೋಗಬೇಕು. ಅವರಿಗೆ ಇಡ್ಲಿ ಕಟ್ಟಿಕೊಡುತ್ತೇವೆ, ಪರೀಕ್ಷೆ ಮುಗಿದ ಮೇಲೆ ತಿನ್ನಲಿ ಅಂತ. ಆ ಪೊಟ್ಟಣಕ್ಕೆ ಕಾಯಿ ಚಟ್ನಿ ಹಾಕುವುದಿಲ್ಲ, ಘಟ್ಟದ ಕೆಳಗಿನ ಸೆಕೆಗೆ ಹಳಸಿಬಿಡುತ್ತದೆ. ಚಟ್ನಿಪುಡಿಗೆ ಕೊಬ್ಬರಿ ಎಣ್ಣೆ ಕಲಸಿ ಬಾಳೆಲೆಯ ತುಂಡಿನಲ್ಲಿ ಇಡುತ್ತೇವೆ. ಜೊತೆಗೆ ಹೋಗುವವರು ಇಲ್ಲೇ ಕಾಫಿ ಕುಡಿಯುತ್ತಾರೆ. ವಾಪಸ್ ಬರುವಾಗ ಮಧ್ಯಾಹ್ನ ಮೂರೋ ನಾಲ್ಕೋ ಆಗಿರುತ್ತದೆ, ಊಟದ ಹೊತ್ತು ಮುಗಿದಿರುತ್ತದೆ. ಬೆಳಿಗ್ಗೆ ಯಾರು ಕೆಳಗೆ ಹೋದರು ಅಂತ ನಮಗೆ ಗೊತ್ತಲ್ಲ, ಅವರ ಪಾಲಿನ ಅನ್ನ, ಸಾರು, ಮಜ್ಜಿಗೆ ತೆಗೆದಿಟ್ಟಿರುತ್ತೇವೆ.

ಇದರಲ್ಲಿ ಮಾವ ಒಂದು ಕಟ್ಟುನಿಟ್ಟು ಮಾಡಿದ್ದರು. ಮಣಿಪಾಲದಿಂದ ಬಂದವರನ್ನು ಗಲ್ಲಾದಿಂದ "ಡಾಕ್ಟ್ರು ಎಂತ ಹೇಳಿದ್ರು?" ಅಂತ ಕೇಳಬಾರದು. ಅವರಾಗಿ ಹೇಳಿದರೆ ಕೇಳಿಸಿಕೊಳ್ಳುವುದು. ಹೇಳದಿದ್ದರೆ ಅನ್ನ ಬಡಿಸುವುದು, ಅಷ್ಟೇ. ಇವತ್ತಿಗೂ ಕೆಲಸಕ್ಕೆ ಹೊಸಬರು ಬಂದರೆ ಕಾಫಿ ಬೆರೆಸುವುದಕ್ಕಿಂತ ಮೊದಲು ಇದನ್ನು ಹೇಳಿಕೊಡುತ್ತೇವೆ.

ತಿಂಡಿಯ ವಿಷಯಕ್ಕೆ ಬರುತ್ತೇನೆ. ಅತ್ತೆ ಘಟ್ಟದ ಕೆಳಗಿನಿಂದ ತಂದದ್ದು ನೀರುದೋಸೆ, ಬನ್ಸ್, ಗೋಳಿಬಜೆ. ಆದರೆ ತೋಟದ ಕೆಲಸಕ್ಕೆ ಹೋಗುವವರಿಗೆ ನೀರುದೋಸೆ ಹತ್ತು ಗಂಟೆವರೆಗೂ ತಡೆಯುವುದಿಲ್ಲ. ಅವರಿಗೆ ಬೇಕಾದದ್ದು ಕಡುಬು, ಅಕ್ಕಿ ರೊಟ್ಟಿ. ಪಕ್ಕದ ಮನೆಯ ಅಜ್ಜಿಯೊಬ್ಬರು ಅತ್ತೆಗೆ ಕಡುಬು ಕಲಿಸಿದರು, ಅತ್ತೆ ನನಗೆ ಕಲಿಸಿದರು. ಅಕ್ಕಿ ತೊಳೆದು, ನೆರಳಲ್ಲಿ ಆರಿಸಿ, ತರಿ ಮಾಡಿಸಬೇಕು. ಒಂದು ಅಳತೆ ತರಿಗೆ ಎರಡು ಅಳತೆ ನೀರು. ನೀರು ಕುದಿಯುವಾಗ ಉಪ್ಪು, ಸ್ವಲ್ಪ ಕೊಬ್ಬರಿ ಎಣ್ಣೆ, ಆಮೇಲೆ ತರಿ. ಗಂಟಾಗದ ಹಾಗೆ ತಿರುವಿ ಸಣ್ಣ ಉರಿಯಲ್ಲಿ ಮುಚ್ಚಿಡಬೇಕು. ಕೈ ತಾಳುವಷ್ಟು ಬಿಸಿ ಇರುವಾಗಲೇ ಒದ್ದೆ ಕೈಯಲ್ಲಿ ನಾದಿ ಉಂಡೆ ಕಟ್ಟಬೇಕು. ತಣ್ಣಗಾಗಲು ಬಿಟ್ಟರೆ ಉಂಡೆ ಬಿರಿಯುತ್ತದೆ. ಆಮೇಲೆ ಇಪ್ಪತ್ತು ನಿಮಿಷ ಹಬೆಯಲ್ಲಿ. ಮುರಿದರೆ ಒಳಗೆ ತರಿ ಕಾಣಬೇಕು, ಆದರೆ ಉದುರಬಾರದು. ಎರಡು ಕಡುಬು, ಮೇಲೆ ಚಟ್ನಿ, ಬೇಕೆಂದವರಿಗೆ ತುಪ್ಪ. ಅದನ್ನು ತಿಂದು ಹೋದವರು ಮಧ್ಯಾಹ್ನದವರೆಗೆ ಅಡಿಕೆ ಕೊಯ್ಯುವ ಉದ್ದನೆಯ ದೋಟಿ ಹಿಡಿದು ನಿಲ್ಲಬಲ್ಲರು.

ಶನಿವಾರ, ಭಾನುವಾರ ಬರುವ ಪ್ರವಾಸಿಗರು ಈಗ ಇದೇ ಕಡುಬನ್ನು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಅವರಿಗೂ ಪ್ರೀತಿಯಿಂದಲೇ ಬಡಿಸುತ್ತೇವೆ. ನವೆಂಬರ್, ಡಿಸೆಂಬರಿನಲ್ಲಿ ಕುಪ್ಪಳ್ಳಿ, ಶೃಂಗೇರಿ, ಆಗುಂಬೆ ಅಂತ ಶಾಲಾ ಮಕ್ಕಳ ಪ್ರವಾಸದ ಬಸ್ಸುಗಳೂ ಬರುತ್ತವೆ, ಆ ದಿನ ಅಡುಗೆಮನೆಯಲ್ಲಿ ಉಸಿರಾಡಲು ಪುರುಸೊತ್ತಿರುವುದಿಲ್ಲ. ಇಷ್ಟೆಲ್ಲ ಜನ ಬರುತ್ತಾರಲ್ಲ, ಪೂರ್ತಿ ಅವರಿಗೇ ಅಂತ ಹೋಟೆಲ್ ಬದಲಾಯಿಸಿ, ಮಣ್ಣಿನ ಗೋಡೆ, ಲಾಟೀನು, ತಾಮ್ರದ ತಟ್ಟೆ ಇಟ್ಟು ದರ ಮೂರು ಪಟ್ಟು ಮಾಡಿ ಅಂತ ಸಲಹೆ ಕೊಟ್ಟವರು ಇದ್ದಾರೆ. ನಾವು ಒಪ್ಪಲಿಲ್ಲ. ಹಾಗೆ ಮಾಡಿದರೆ ಔಷಧಿ ಹೊಡೆದು ನೀಲಿ ಕಲೆಯಾದ ಅಂಗಿಯಲ್ಲಿ ಬರುವ ಮನುಷ್ಯ ಒಳಗೆ ಕಾಲಿಡಲು ಹಿಂದೆಮುಂದೆ ನೋಡುತ್ತಾನೆ. ಒಂದು ಸಲ ಅವನು ಹಿಂದೆ ಸರಿದರೆ ಮತ್ತೆ ಬರುವುದಿಲ್ಲ. ಜಗಲಿಯ ಎರಡು ಬೆಂಚು ಯಾವತ್ತೂ ದಿನಾ ಬರುವವರದ್ದು. ಭಾನುವಾರ ಎಷ್ಟೇ ರಶ್ ಇರಲಿ, ಪ್ರವಾಸಿಗರಿಗೆ ಟೋಕನ್ ಕೊಟ್ಟು ಸ್ವಲ್ಪ ಕಾಯಲು ಹೇಳುತ್ತೇವೆ, ಆ ಬೆಂಚುಗಳನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ಬೆಂಚಿನ ಮಾತು ಬಂದಾಗ ಇನ್ನೊಂದನ್ನು ಹೇಳಬೇಕು. ಮಾವ ಹೋಟೆಲ್ ಇಟ್ಟ ಕಾಲದಲ್ಲಿ ಹಳ್ಳಿ ಹೋಟೆಲುಗಳಲ್ಲಿ ಕೆಲವು ಜಾತಿಯವರಿಗೆ ಬೇರೆ ಲೋಟ ಇಡುವುದು, ಹೊರಗೇ ಕೂರಿಸಿ ಕೊಡುವುದು ಇನ್ನೂ ಇತ್ತು. ಮಾವ ಅದನ್ನು ಮಾಡಲಿಲ್ಲ. ಎಲ್ಲರಿಗೂ ಅದೇ ಲೋಟ, ತೊಳೆಯುವುದು ಹೋಟೆಲಿನವರು, ಕೂರುವುದು ಎಲ್ಲಿ ಜಾಗ ಇದೆಯೋ ಅಲ್ಲಿ. ಇದಕ್ಕಾಗಿ ಕೆಲವು ದೊಡ್ಡ ಮನೆಯವರು ಬರುವುದನ್ನೇ ಬಿಟ್ಟರು. ಹೊಸ ಊರು, ಕೈಯಲ್ಲಿ ಸಾಲ, ಗಿರಾಕಿ ಬಿಟ್ಟುಹೋದರೆ ಹೇಗೆ ಅಂತ ಅತ್ತೆಗೆ ಹೆದರಿಕೆ ಆಗಿತ್ತಂತೆ. ಮಾವ ಜಗ್ಗಲಿಲ್ಲ. ಹಾಗೆ ಬಿಟ್ಟು ಹೋದ ಮನೆಗಳ ಮೊಮ್ಮಕ್ಕಳು ಈಗ ಅದೇ ಬೆಂಚಿನಲ್ಲಿ ಎಲ್ಲರ ಜೊತೆ ಕೂತು ತಿಂಡಿ ತಿನ್ನುತ್ತಾರೆ. ಊರಿನ ಹೋಟೆಲ್ ಅಂತ ಹೇಳಿಕೊಳ್ಳಬೇಕಾದರೆ ಇಡೀ ಊರಿಗೆ ಒಂದೇ ಥರ ಬಡಿಸಬೇಕು. ಇದರಲ್ಲಿ ನನಗೆ ರಾಜಿ ಇಲ್ಲ.

ಸಾಮಾನು ಕೊಳ್ಳುವ ರೀತಿಯಲ್ಲೇ ಊರಿನ ಅರ್ಧ ಸಂಬಂಧ ಇದೆ. ಈರುಳ್ಳಿ, ಆಲೂಗಡ್ಡೆ, ಬೇಳೆ, ಎಣ್ಣೆ ಶಿವಮೊಗ್ಗದಿಂದ ಬರುತ್ತದೆ. ಉಳಿದ ತರಕಾರಿ ಹಿಂದಿನ ಬಾಗಿಲಿಗೆ ಬರುತ್ತದೆ. ಮಲೆನಾಡಿನ ಮನೆ ಅಂದರೆ ಹಿತ್ತಿಲು ಇದ್ದೇ ಇರುತ್ತದೆ. ಬಸಳೆ, ಸೌತೆಕಾಯಿ, ಬಾಳೆಕಾಯಿ, ಬಾಳೆದಿಂಡು, ನುಗ್ಗೆ, ಕೆಸುವಿನ ಎಲೆ, ಒಂದೆಲಗ, ಹಲಸಿನಕಾಯಿ, ಅಮಟೆಕಾಯಿ. ಒಂದು ಮನೆಗೆ ಹೆಚ್ಚು, ಸಂತೆಗೆ ಒಯ್ಯಲು ಕಡಿಮೆ. ಹೆಂಗಸರು ತೋಟಕ್ಕೋ ಸಂಘದ ಸಭೆಗೋ ಹೋಗುವಾಗ ಚೀಲದಲ್ಲಿ ತಂದು ಇಟ್ಟು ಹೋಗುತ್ತಾರೆ. ಎರಡು ಸೌತೆಕಾಯಿ ತಂದರೂ ಬೇಡ ಅನ್ನುವುದಿಲ್ಲ. ತೂಕ ಮಾಡಿ ದುಡ್ಡು ಆಗಲೇ ಕೈಗೆ ಕೊಡುತ್ತೇವೆ, ಅವರ ಕೈಗೇ ಕೊಡುತ್ತೇವೆ. ಮನೆಯ ಗಂಡಸರ ಬಾಕಿ ಎಷ್ಟೇ ಇದ್ದರೂ ಅದಕ್ಕೆ ವಜಾ ಮಾಡಿಕೊಳ್ಳುವುದಿಲ್ಲ. ಹಿತ್ತಿಲ ದುಡ್ಡು ಹೆಂಗಸರ ದುಡ್ಡು. ಇದನ್ನು ಶುರು ಮಾಡಿದ್ದು ನಾನು, ಮದುವೆಯಾಗಿ ಬಂದ ಹೊಸದರಲ್ಲಿ. ಗಂಡಸರಲ್ಲಿ ಒಂದಿಬ್ಬರು ಗೊಣಗಿದರು. ಹೆಂಗಸರು ಮಾತ್ರ ಅವತ್ತಿನಿಂದ ನಮ್ಮ ಹೋಟೆಲನ್ನು ಬಿಡಲಿಲ್ಲ.

ಹೀಗಾಗಿ ಮಧ್ಯಾಹ್ನದ ಪಲ್ಯ, ಹುಳಿ ಏನು ಅಂತ ಬೆಳಿಗ್ಗೆ ಒಂಬತ್ತರವರೆಗೆ ನನಗೂ ಗೊತ್ತಿರುವುದಿಲ್ಲ. ಬಂದದ್ದನ್ನು ನೋಡಿ ಅಡುಗೆ. ಒಂದೆಲಗ ಬಂದರೆ ತಂಬುಳಿ. ಕೆಸುವಿನ ಎಲೆ ಕಟ್ಟುಗಟ್ಟಲೆ ಬಂದರೆ ಪತ್ರೊಡೆ. ಮಳೆ ಹಿಡಿದ ಮೇಲೆ ಸ್ವಂತ ಜಾಗದಲ್ಲಿ ಬಿದಿರು ಇರುವವರು ಕಳಲೆ ತರುತ್ತಾರೆ. ಅದನ್ನು ತೆಳ್ಳಗೆ ಹೆಚ್ಚಿ ನೀರಲ್ಲಿ ಹಾಕಿ, ದಿನಾ ನೀರು ಬದಲಾಯಿಸಿ, ಮೂರು ದಿನ ಆದ ಮೇಲೆಯೇ ಒಲೆಗೆ ಇಡುವುದು. ಅವಸರ ಮಾಡುವಂತಿಲ್ಲ, ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತದೆ. ಗೋಡೆಯ ಮೇಲೆ ಅಚ್ಚು ಹಾಕಿಸಿದ ಮೆನು ನಮ್ಮಲ್ಲಿಲ್ಲ. ಒಂದು ಕಪ್ಪು ಹಲಗೆ, ಅದರಲ್ಲಿ ಮಗಳು ದಿನಾ ಸೀಮೆಸುಣ್ಣದಲ್ಲಿ ಬರೆಯುತ್ತಾಳೆ. ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ ಹೆಂಗಸರ ಸ್ವಸಹಾಯ ಸಂಘದಿಂದ. ಬಾಳೆಲೆ ಮೂರು ಮನೆಯಿಂದ ಸರದಿಯಲ್ಲಿ ಬರುತ್ತದೆ.

ಶಿವಮೊಗ್ಗದ ಸಾಮಾನು ಮೊದಲೆಲ್ಲ ಬಸ್ಸಿನ ಟಾಪಿನ ಮೇಲೆ ಬರುತ್ತಿತ್ತು. ನಮ್ಮ ಭಾಗದವರಿಗೆ ಸಹಕಾರ ಸಾರಿಗೆ ನೆನಪಿದ್ದೇ ಇರುತ್ತದೆ. 1991ರಲ್ಲಿ ಕೊಪ್ಪದಲ್ಲಿ ಕೆಲಸ ಕಳೆದುಕೊಂಡ ಬಸ್ ಕಾರ್ಮಿಕರೇ ಸೇರಿ ಕಟ್ಟಿದ ಸಂಸ್ಥೆ ಅದು, ಡ್ರೈವರು ಕಂಡಕ್ಟರುಗಳೇ ಅದರ ಮಾಲೀಕರು. ಮಾತ್ರೆ ಚೀಟಿ ಕೊಟ್ಟರೆ ಪೇಟೆಯಿಂದ ಮಾತ್ರೆ ತಂದುಕೊಡುತ್ತಿದ್ದ ಕಂಡಕ್ಟರುಗಳನ್ನು ಮಲೆನಾಡಿನವರು ಮರೆಯುವುದಿಲ್ಲ. 2020ರ ಫೆಬ್ರವರಿಯಲ್ಲಿ ಅದು ನಿಂತುಹೋಯಿತು. ಮುಂದಿನ ತಿಂಗಳೇ ಲಾಕ್‌ಡೌನ್. ಆ ಬಸ್ಸುಗಳು ಮಾಡುತ್ತಿದ್ದ ಸಣ್ಣಪುಟ್ಟ ಕೆಲಸದಲ್ಲಿ ಕೆಲವು ಹೋಟೆಲಿನ ತಲೆಗೆ ಬಂದವು. ಈಗ ಮಾತ್ರೆಯ ಪೊಟ್ಟಣ, ಕೊರಿಯರ್, ಮದುವೆ ಕಾಗದ, ಮನೆಯ ಬೀಗದ ಕೈ ಎಲ್ಲ ನಮ್ಮ ಗಲ್ಲಾದ ಹಿಂದಿನ ಗೂಡಿನಲ್ಲಿ ಇರುತ್ತದೆ. ಇದಕ್ಕೆ ಹಣ ಯಾರಿಂದಲೂ ತೆಗೆದುಕೊಳ್ಳುವುದಿಲ್ಲ. ಯಾರದ್ದು, ಯಾರು ಒಯ್ದರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿಸುತ್ತೇವೆ.

ಇನ್ನು ಖಾತೆ. ಸಾಲ ಕೊಡಬೇಡಿ ಅಂತ ಎಲ್ಲರೂ ಹೇಳುತ್ತಾರೆ. ಪೇಟೆಯಲ್ಲಿ ಅದು ಸರಿ. ನಮ್ಮಲ್ಲಿ ದುಡ್ಡು ಬರುವುದೇ ವರ್ಷದ ಕೆಲವು ತಿಂಗಳಲ್ಲಿ. ಅಡಿಕೆ ಗೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೋ ಮಾಮ್‌ಕೋಸ್ ಅನ್ನುವ ಅಡಿಕೆ ಬೆಳೆಗಾರರ ಸಹಕಾರ ಸಂಘಕ್ಕೋ ಹೋದ ಮೇಲೆ ಬೆಳೆಗಾರನ ಕೈಗೆ ಹಣ. ಸಣ್ಣ ಹಿಡುವಳಿಯವರಿಗೆ ಅಲ್ಲಿಯವರೆಗೆ ಕೈ ಬಿಗಿ. ಕೂಲಿಯವರಿಗೆ ವಾರದ ಬಟವಾಡೆ. ಅವರವರ ದುಡ್ಡಿನ ಕಾಲ ನೋಡಿ ಖಾತೆಯ ಅವಧಿ ಇಟ್ಟಿದ್ದೇವೆ. ಕೂಲಿಯವರದ್ದು ವಾರಕ್ಕೆ, ಸಂಬಳದವರದ್ದು ತಿಂಗಳಿಗೆ, ತೋಟದವರದ್ದು ಅಡಿಕೆ ಕೊಟ್ಟ ಮೇಲೆ. ಒಂದು ಮನೆಗೆ ಒಂದು ಪುಟ. ಬರೆದ ಕೂಡಲೇ ಪುಸ್ತಕ ತಿರುಗಿಸಿ ತೋರಿಸುತ್ತೇವೆ, ಅವರು ನೋಡಿ ತಲೆ ಆಡಿಸಿದ ಮೇಲೆಯೇ ಮುಚ್ಚುವುದು. ಬಾಕಿ ಎಷ್ಟು ಅಂತ ನಾಲ್ಕು ಜನರ ಎದುರು ಬಾಯಿಬಿಟ್ಟು ಹೇಳುವುದಿಲ್ಲ. ಚೀಟಿಯಲ್ಲಿ ಬರೆದು ಮಡಚಿ ಕೊಡುತ್ತೇವೆ.

ಅಡಿಕೆಗೆ ಎಲೆಚುಕ್ಕಿ ರೋಗ ಜೋರಾಗಿ ಬಂದ ವರ್ಷಗಳಲ್ಲಿ ಕೆಲವು ತೋಟಗಳು ನೋಡಲಾಗದಷ್ಟು ಹಾಳಾದವು. ಆಗ ಹಲವು ಮನೆಯವರು ಪೂರ್ತಿ ಲೆಕ್ಕ ತೀರಿಸಲು ಆಗಲಿಲ್ಲ. ಅವರಾಗಿಯೇ ಬಂದು "ಈ ವರ್ಷ ಇಷ್ಟೇ ಆಗೋದು ಅಕ್ಕ" ಅಂದರು. ಉಳಿದದ್ದನ್ನು ಮುಂದಿನ ವರ್ಷದ ಪುಟಕ್ಕೆ ಒಯ್ದೆವು, ಅದಕ್ಕೆ ಬಡ್ಡಿ ಇಲ್ಲ. ಹೀಗೆ ಮಾಡಬೇಕಾದರೆ ಹೋಟೆಲಿನ ಕೈಯಲ್ಲೂ ಸ್ವಲ್ಪ ಇಡುಗಂಟು ಇರಬೇಕು. ಮೂರು ತಿಂಗಳ ದಿನಸಿ ಮತ್ತು ಸಂಬಳಕ್ಕೆ ಆಗುವಷ್ಟು ಸೊಸೈಟಿಯಲ್ಲಿ ಇಟ್ಟು ಮುಟ್ಟುವುದೇ ಇಲ್ಲ. ಹೊಸದಾಗಿ ಹೋಟೆಲ್ ಇಡುವವರಿಗೆ ನಾನು ಒತ್ತಿ ಹೇಳುವುದು ಇದನ್ನೇ. ಪೀಠೋಪಕರಣಕ್ಕೆ ಸುರಿಯುವ ದುಡ್ಡಿನಲ್ಲಿ ಅರ್ಧ ಇಡುಗಂಟು ಮಾಡಿಕೊಳ್ಳಿ. ಖಾತೆ ಕೊಡುವ ಧೈರ್ಯ ಅದರಿಂದಲೇ ಬರುತ್ತದೆ.

ಅಸ್ಸಾಂ ಕಡೆಯಿಂದ ತೋಟದ ಕೆಲಸಕ್ಕೆ ಬಂದವರಿಗೂ ಪುಟ ಇದೆ. ಅವರ ಹೆಸರು ಕನ್ನಡದಲ್ಲಿ ಹೇಗೆ ಬರೆಯಬೇಕು ಅಂತ ಅವರನ್ನೇ ಕೇಳಿ ಬರೆದಿದ್ದೇವೆ. ಅವರಿಗೆ ನಮ್ಮ ಹುಳಿ ಅಷ್ಟು ಹಿಡಿಸುವುದಿಲ್ಲ. ಅನ್ನ ಜಾಸ್ತಿ, ಗಟ್ಟಿ ಬೇಳೆ, ಹಸಿಮೆಣಸು, ಈರುಳ್ಳಿ ಇದ್ದರೆ ಸಾಕು. ರಾತ್ರಿ ಊಟಕ್ಕೆ ಒಂದು ಪಾತ್ರೆ ಹಾಗೆ ಮಾಡುತ್ತೇವೆ. ದೂರದ ಊರಿನಿಂದ ಬಂದು ನಮ್ಮ ಮಳೆಯಲ್ಲಿ ದುಡಿಯುವವರು, ಅವರ ನಾಲಿಗೆಗೆ ಒಗ್ಗುವ ಒಂದು ಹೊತ್ತಿನ ಊಟ ಕೊಡಲು ನಮಗೇನು ಕಷ್ಟ?

ಒಂದು ಲೆಕ್ಕ ಮಾತ್ರ ಪುಸ್ತಕಕ್ಕೆ ಹೋಗುವುದಿಲ್ಲ. ಸುತ್ತಮುತ್ತ ಎಲ್ಲಿಯಾದರೂ ಸಾವಾದರೆ ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ದೂರದಿಂದ ನೆಂಟರು ಬರುತ್ತಿರುತ್ತಾರೆ, ಕಟ್ಟಿಗೆ ಹೊಂದಿಸುವವರು, ಮಕ್ಕಳು, ವಯಸ್ಸಾದವರು ಇರುತ್ತಾರೆ. ಸುದ್ದಿ ಬಂದ ಕೂಡಲೇ ನನ್ನ ಗಂಡ ಕಾಫಿಯ ದೊಡ್ಡ ಫ್ಲಾಸ್ಕು, ಒಗ್ಗರಣೆ ಅವಲಕ್ಕಿ ತೆಗೆದುಕೊಂಡು ಹೊರಡುತ್ತಾರೆ. ಜಾತಿ, ಪಕ್ಷ, ಹಳೆಯ ಜಗಳ ಯಾವುದೂ ಲೆಕ್ಕಕ್ಕಿಲ್ಲ. ಆಮೇಲೆ ಆ ಮನೆಯವರು ಬಂದು ಎಷ್ಟಾಯಿತು ಅಂತ ಕೇಳಿದರೆ, ಬರೆದಿಲ್ಲ ಅನ್ನುತ್ತೇವೆ.

ಕೆಲಸಕ್ಕೆ ಮೊದಲು ಕುಂದಾಪುರದ ಕಡೆಯಿಂದ ಹುಡುಗರು ಬರುತ್ತಿದ್ದರು. ಈಗ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ, ಮಕ್ಕಳು ಓದಲಿ. ಈಗ ನಮ್ಮಲ್ಲಿ ಊರಿನ ಹೆಂಗಸರೇ ಕೆಲಸ ಮಾಡುವುದು. ಅವರಿಗೆ ಮನೆ, ದನ, ಮಕ್ಕಳ ಶಾಲೆ ಎಲ್ಲ ಇದೆ. ಹಾಗಾಗಿ ಎರಡು ಪಾಳಿ. ಬೆಳಿಗ್ಗೆ ಬಂದವರಿಗೆ ಊಟದ ಹೊತ್ತಿಗೆ ಬಿಡುವು, ಮಧ್ಯಾಹ್ನ ಬಂದವರು ಕತ್ತಲಾಗುವ ಮುಂಚೆ ಮನೆಗೆ. ನಾಟಿಯ ದಿನಗಳಲ್ಲಿ, ಕೊಯ್ಲಿನ ದಿನಗಳಲ್ಲಿ ಬನ್ನಿ ಅಂತ ಒತ್ತಾಯ ಮಾಡುವುದಿಲ್ಲ. ಅವರ ಗದ್ದೆಗೆ ಮುಯ್ಯಾಳು, ಅಂದರೆ ಒಬ್ಬರ ಗದ್ದೆಗೆ ಒಬ್ಬರು ಸರದಿಯಲ್ಲಿ ಬಂದು ದುಡಿಯುವವರು, ಬಂದಿರುವಾಗ ಅವರೇ ಇಲ್ಲದಿದ್ದರೆ ಆಗುತ್ತದಾ? ಆಗ ಹಲಗೆಯಲ್ಲಿ ತಿಂಡಿ ಎರಡೇ ಬಗೆ ಬರೆಯುತ್ತೇವೆ. ಯಾಕೆ ಅಂತ ದಿನಾ ಬರುವವರಿಗೆ ಹೇಳಬೇಕಾಗಿಯೇ ಇಲ್ಲ. ಭೂಮಿತಾಯಿಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆಗೆ ಬಾಗಿಲು ಪೂರ್ತಿ ಬಂದ್.

ಒಂದು ಮಳೆಗಾಲ ಗಾಳಿಗೆ ಪಕ್ಕದ ಮಾವಿನ ಮರದ ದೊಡ್ಡ ಕೊಂಬೆ ನಮ್ಮ ಅಡುಗೆಮನೆಯ ಮಾಡಿನ ಮೇಲೆ ಬಿತ್ತು. ಹೆಂಚು ಪುಡಿಪುಡಿ, ಪಕಾಸಿ ಮುರಿದು ಒಲೆಯ ಮೇಲೆ ನೀರು ಸುರಿಯುತ್ತಿತ್ತು. ಯಾರಿಗೂ ಫೋನ್ ಮಾಡಲಿಲ್ಲ, ಮಾಡಲು ಕರೆಂಟೂ ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ. ಆದರೂ ಸಂಜೆಯೊಳಗೆ ಒಬ್ಬರು ಕೊಂಬೆ ಕೊಯ್ಯುವ ಮಿಷನ್ ತಂದರು. ಇನ್ನೊಬ್ಬರು ತಮ್ಮ ಹಳೆಯ ಕೊಟ್ಟಿಗೆಯಿಂದ ಇಳಿಸಿಟ್ಟಿದ್ದ ಹೆಂಚನ್ನು ಪಿಕಪ್ಪಿನಲ್ಲಿ ತುಂಬಿಕೊಂಡು ಬಂದರು. ಬಡಗಿ, ಅವನ ಅಣ್ಣ, ಶಾಲೆಯ ಮೇಷ್ಟ್ರು, ಎಲ್ಲರೂ ಸೇರಿ ಮಾಡಿಗೆ ಹತ್ತಿದರು. ನಮ್ಮ ಅಡುಗೆಮನೆಯಲ್ಲಿ ಆ ರಾತ್ರಿ ಒಲೆ ಇರಲಿಲ್ಲ. ಕೆಲಸ ಮಾಡಿದವರಿಗೆ ಊಟ ಬಂದದ್ದು ಎದುರು ಮನೆಯಿಂದ. ಮರುದಿನ ಬೆಳಿಗ್ಗೆ ಬೇರೆ ಬೇರೆ ಬಣ್ಣದ ಹೆಂಚಿನ ಕೆಳಗೆ ಇಡ್ಲಿ ಬೇಯಿತು. ಆ ಹೆಂಚುಗಳನ್ನು ಬದಲಾಯಿಸಿಲ್ಲ.

ಜಾತ್ರೆ, ಯಕ್ಷಗಾನದ ಆಟದ ದಿನಗಳ ಬಗ್ಗೆಯೂ ಬರೆಯಬೇಕು. ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯಲ್ಲಿ ರಾಮೇಶ್ವರ ದೇವರ ಜಾತ್ರೆ. ತುಂಗೆಯಲ್ಲಿ ಮೀಯಲು ಹೋಗುವವರು ಬೆಳಗಿನ ಜಾವವೇ ಹೊರಡುತ್ತಾರೆ, ಅವತ್ತು ಮೂರು ಗಂಟೆಗೇ ಒಲೆ ಹೊತ್ತಿಸುತ್ತೇವೆ. ಚಳಿಗಾಲ ಶುರುವಾದ ಮೇಲೆ ಹರಕೆ ಆಟಗಳು. ಮಂದಾರ್ತಿ ಮೇಳದ ಆಟ ಹತ್ತಿರದ ಬಯಲಿನಲ್ಲಿ ಇದ್ದರೆ ರಾತ್ರಿಯಿಡೀ ಕಾಫಿ, ಬೋಂಡ. ಚಂಡೆಯ ಸದ್ದು ಅಡುಗೆಮನೆಗೆ ಕೇಳುತ್ತಿರುತ್ತದೆ, ಅತ್ತೆ ಯಾವ ಪ್ರಸಂಗ, ಈಗ ಯಾರ ಪ್ರವೇಶ ಅಂತ ಕೂತಲ್ಲೇ ಹೇಳುತ್ತಾರೆ. ದೀಪಾವಳಿಯ ರಾತ್ರಿ ಅಂಟಿಕೆ ಪಂಟಿಕೆಯವರು ದೀಪ ಹಿಡಿದು ಹಾಡುತ್ತಾ ಬರುತ್ತಾರೆ. ಮನೆಗೆ ಬಂದ ಹಾಗೆಯೇ ಹೋಟೆಲಿನ ಬಾಗಿಲಿಗೂ ಬರುತ್ತಾರೆ. ಅಕ್ಕಿ, ಕಾಯಿ, ಕಾಣಿಕೆ ಕೊಟ್ಟು, ಬಿಸಿ ಕಷಾಯ ಕೊಟ್ಟು ಕಳಿಸುತ್ತೇವೆ.

ದರ ಏರಿಸುವುದು ನನಗೆ ಯಾವಾಗಲೂ ಹೊಟ್ಟೆ ಹಿಂಡುವ ಕೆಲಸ. 2025ರಲ್ಲಿ ತೆಂಗಿನಕಾಯಿ, ಕೊಬ್ಬರಿ ಎಣ್ಣೆ, ಕಾಫಿಪುಡಿ ಮೂರೂ ಒಟ್ಟಿಗೆ ಏರಿದವು. ನಮ್ಮ ಅಡುಗೆ ನಿಂತಿರುವುದೇ ಕಾಯಿಯ ಮೇಲೆ. ಚಟ್ನಿಗೆ ನೀರು ಜಾಸ್ತಿ ಮಾಡುವುದು, ಕಾಫಿಗೆ ಚಿಕೋರಿ ಜಾಸ್ತಿ ಮಾಡುವುದು ಸುಲಭದ ದಾರಿ. ಅದು ಬೇಡ ಅಂತ ಮನೆಯಲ್ಲಿ ಎಲ್ಲರೂ ಒಂದೇ ಮಾತಿನಲ್ಲಿದ್ದೆವು. ಕಾಫಿ, ಇಡ್ಲಿ, ಕಡುಬು, ಊಟ, ಈ ನಾಲ್ಕರ ದರವನ್ನು ಆದಷ್ಟು ಕಡಿಮೆ ಏರಿಸಿದೆವು. ಮಸಾಲೆ ದೋಸೆ, ಬನ್ಸ್, ಸಿಹಿತಿಂಡಿಯ ದರ ಸ್ವಲ್ಪ ಹೆಚ್ಚು ಏರಿಸಿದೆವು, ಅವನ್ನು ದಿನಾ ತಿನ್ನುವವರು ಕಡಿಮೆ. ಹೊಸ ದರವನ್ನು ಒಂದು ವಾರ ಮೊದಲೇ ಹಲಗೆಯಲ್ಲಿ ಬರೆದು, ಕೆಳಗೆ ಕಾಯಿಯ ಆವತ್ತಿನ ರೇಟನ್ನೂ ಬರೆದೆವು. ಒಬ್ಬರು ಹಿರಿಯರು ಓದಿ, "ಇಷ್ಟು ದಿನ ಯಾಕೆ ಸುಮ್ನೆ ಇದ್ರಿ ಮಾರಾಯ್ತಿ?" ಅಂದರು. ಜಗಳ ಅಂತ ಒಂದೂ ಆಗಲಿಲ್ಲ.

ಅದೇ ವರ್ಷ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದು ಬೆಂಗಳೂರಿನಲ್ಲೆಲ್ಲ ಗಲಾಟೆ ಆಯಿತು. ನಮ್ಮ ಕಡೆಯೂ ಕೆಲವರು ಕ್ಯೂಆರ್ ಕೋಡ್ ತೆಗೆದು ಒಳಗಿಟ್ಟರು. ನಾವು ಇಟ್ಟುಕೊಂಡೆವು. ಸೇವೆ ಕೊಡುವ ವ್ಯವಹಾರಕ್ಕೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಬೇಕು. ನಮ್ಮಂಥ ಹೋಟೆಲಿಗೆ ಒಂದೂವರೆ ಕೋಟಿವರೆಗೆ ಕಾಂಪೊಸಿಷನ್ ಪದ್ಧತಿ ಇದೆ, ವಹಿವಾಟಿನ ಮೇಲೆ ಶೇ. 5 ಕಟ್ಟಬೇಕು, ಅದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ. ಮಗಳು ಬಿ.ಕಾಂ. ಓದಿ ಬಂದ ಮೇಲೆ ಇದನ್ನೆಲ್ಲ ಅವಳೇ ನೋಡಿಕೊಳ್ಳುವುದು. ಮನೆಯ ಅಡುಗೆಗೆ ಕೊಡುವ ಕೆಂಪು ಸಿಲಿಂಡರ್ ಹೋಟೆಲಿನಲ್ಲಿ ಉರಿಸುವುದಿಲ್ಲ, 19 ಕಿಲೋದ ವಾಣಿಜ್ಯ ಸಿಲಿಂಡರೇ. ಇವೆಲ್ಲ ಖರ್ಚು ಹೌದು. ಆದರೆ ಊರಿನ ಎಲ್ಲರ ಲೆಕ್ಕ ನಮ್ಮ ಪುಸ್ತಕದಲ್ಲಿ ಇರುವಾಗ ನಮ್ಮ ಲೆಕ್ಕವೂ ನೆಟ್ಟಗಿರಬೇಕು.

ಕೊನೆಯದಾಗಿ ಕ್ಯಾರಿಯರ್ ಊಟ. 2020ರ ಮಾರ್ಚ್ ಕೊನೆಗೆ ಎಲ್ಲ ಬಂದ್ ಆದಾಗ ಹೋಟೆಲಿಗೆ ಬೀಗ. ಕೂತು ತಿನ್ನಲು ಮತ್ತೆ ಅವಕಾಶ ಆದದ್ದು ಜೂನ್ 8ಕ್ಕೆ. ನಡುವೆ ನಮಗೆ ಚಿಂತೆ ಆದದ್ದು ಒಂಟಿ ಮನೆಗಳ ಬಗ್ಗೆ. ಮಲೆನಾಡಿನ ಮನೆಗಳು ಒಂದರಿಂದ ಒಂದು ದೂರ. ಮಕ್ಕಳು ಬೆಂಗಳೂರು, ಪುಣೆ, ಅಮೆರಿಕದಲ್ಲಿ. ಇಲ್ಲಿ ವಯಸ್ಸಾದ ಗಂಡ ಹೆಂಡತಿ, ಇಲ್ಲವೇ ಒಬ್ಬರೇ. ದಿನಾ ಹೋಟೆಲಿಗೆ ಬಂದು ಊಟ ಮಾಡಿ, ಒಂದು ಗಂಟೆ ಪೇಪರ್ ಓದಿ ಹೋಗುತ್ತಿದ್ದವರು ಅವರು. ಪಂಚಾಯಿತಿಗೆ ಹೇಳಿ ಪಾಸ್ ಮಾಡಿಸಿಕೊಂಡು ನನ್ನ ಗಂಡ ಬೈಕಿನಲ್ಲಿ ಕ್ಯಾರಿಯರ್ ಒಯ್ದು ಗೇಟಿನ ಹತ್ತಿರ ಇಟ್ಟು ಬರುತ್ತಿದ್ದರು. ಹಿಂದಿನ ಬಾಗಿಲಿಗೆ ತರಕಾರಿ ಬರುವುದೂ ನಿಲ್ಲಲಿಲ್ಲ, ಕೊಳ್ಳುವುದೂ ನಿಲ್ಲಲಿಲ್ಲ, ಅದೇ ತರಕಾರಿ ಕ್ಯಾರಿಯರಿಗೆ ಹೋಯಿತು.

ಕೊರೋನಾ ಮುಗಿದರೂ ಕ್ಯಾರಿಯರ್ ಮುಗಿಯಲಿಲ್ಲ. ಮಂಡಿ ನೋವಿನವರು, ಕಣ್ಣು ಮಂಜಾದವರು ಬೇಕು ಅಂದರು. ದುಡ್ಡು ಹೊರ ಊರಿನ ಮಕ್ಕಳು ಯುಪಿಐನಲ್ಲಿ ಹಾಕುತ್ತಾರೆ, ಇಲ್ಲದವರದ್ದು ಖಾತೆಯಲ್ಲಿ. ಒಯ್ಯುವುದು ಡೈರಿಯ ಹಾಲಿನ ಗಾಡಿ ನಡೆಸುವ ಹುಡುಗ, ಅವನಿಗೆ ಕ್ಯಾರಿಯರಿಗೆ ಇಷ್ಟು ಅಂತ ಕೂಲಿ. ಹಿಂದಿನ ದಿನದ ಡಬ್ಬಿಯಲ್ಲಿ ಅನ್ನ ಹಾಗೇ ಉಳಿದಿದ್ದರೆ ಅವನು ಬಂದು ಹೇಳುತ್ತಾನೆ. ನಾವು ಫೋನ್ ಮಾಡುತ್ತೇವೆ, ಎತ್ತದಿದ್ದರೆ ಯಾರಾದರೂ ಹೋಗಿ ನೋಡಿ ಬರುತ್ತೇವೆ. ಹಾಗೆ ಹೋದಾಗ ಒಬ್ಬರು ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಸಮಯಕ್ಕೆ ಆಸ್ಪತ್ರೆಗೆ ಸೇರಿಸಲು ಆಯಿತು. ಅವರ ಮಗ ಬಂದು ಮಾತಾಡಲು ಆಗದೆ ಅತ್ತೆಯ ಕಾಲು ಹಿಡಿದದ್ದು ನನಗೆ ಮರೆಯುವ ವಿಷಯ ಅಲ್ಲ.

ಇಲ್ಲಿಯವರೆಗೆ ಕ್ಯಾರಿಯರ್ ಮಧ್ಯಾಹ್ನಕ್ಕೆ ಮಾತ್ರ. ಬರುವ ಮಳೆಗಾಲದಿಂದ ರಾತ್ರಿಗೆ ಗಂಜಿಯನ್ನೂ ಶುರು ಮಾಡಬೇಕು ಅಂತ ಮಗಳು ಪಟ್ಟಿ ಮಾಡಿಕೊಂಡಿದ್ದಾಳೆ. ಕುಚ್ಚಲಕ್ಕಿ ಗಂಜಿ, ಜೊತೆಗೆ ಮಿಡಿ ಉಪ್ಪಿನಕಾಯಿ ಅಥವಾ ಹುರುಳಿ ಚಟ್ನಿ. ಯಾರಿಗೆ ಉಪ್ಪು ಕಡಿಮೆ, ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಹಲ್ಲಿಲ್ಲ ಅಂತ ಹೆಸರಿನ ಎದುರು ಬರೆದಿದ್ದಾಳೆ. ಸಂಜೆ ಹಾಲಿನ ಗಾಡಿ ನಾಲ್ಕೂವರೆಗೆ ಹೊರಡುತ್ತದೆ, ಗಂಜಿ ಅಷ್ಟು ಬೇಗ ಕಳಿಸಿದರೆ ರಾತ್ರಿಗೆ ತಣ್ಣಗಾಗುತ್ತದೆ. ಬಿಸಿ ನಿಲ್ಲುವ ಸ್ಟೀಲ್ ಡಬ್ಬಿ ನೋಡಿ ಬರಲು ಅವಳೂ ಅವಳ ಅಪ್ಪನೂ ಈ ಗುರುವಾರ ಶಿವಮೊಗ್ಗಕ್ಕೆ ಹೋಗುತ್ತಿದ್ದಾರೆ.